ಹತ್ತು ಕಿಲೋಮೀಟರ್ ಓಟದಲ್ಲಿ ಏಳನೆಯದಕ್ಕೇ ಕಾಲು ಸೋಲುವುದೇಕೆ?

ಪ್ರಶ್ನೆ: ನನಗೆ 43 ವರ್ಷ, ತೂಕ 68 ಕೆ.ಜಿ., ಮೈಸೂರಿನಲ್ಲಿ ಕಚೇರಿ ಕೆಲಸ. ಮೂರು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ 6 ಕಿ.ಮೀ. ಓಡುತ್ತಿದ್ದೇನೆ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಕೆಲವು ಸೆಕೆಂಡಾದರೂ ಬೇಗ ಮುಗಿಸಲು ಯತ್ನಿಸುತ್ತೇನೆ. ಆದರೆ ಒಂದು ವರ್ಷದಿಂದ ಅದು 36 ನಿಮಿಷಕ್ಕೇ ನಿಂತಿದೆ. ಕಳೆದ ವರ್ಷ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ಮೊದಲ 2 ಕಿ.ಮೀ.ಯನ್ನು 10 ನಿಮಿಷ 40 ಸೆಕೆಂಡಿನಲ್ಲಿ ಓಡಿದೆ, ಏಳನೆಯ ಕಿ.ಮೀ.ಯಲ್ಲಿ ನಡೆಯುವಂತಾಯಿತು, ಒಟ್ಟು 1 ಗಂಟೆ 11 ನಿಮಿಷ ಹಿಡಿಯಿತು. ಈ ಸಲ ಒಂದು ಗಂಟೆಯೊಳಗೆ ಮುಗಿಸುವ ಆಸೆಯಿದೆ, ಹತ್ತು ವಾರ ಉಳಿದಿದೆ. ಎಡಗಾಲಿನಲ್ಲಿ ಮೊಣಕಾಲಿನ ಕೆಳಗೆ, ಮೂಳೆಯ ಒಳಅಂಚಿನಲ್ಲಿ ಆಗಾಗ ನೋವು ಬರುತ್ತದೆ. ಗೆಳೆಯರು ಕಾರ್ಬನ್ ಪ್ಲೇಟ್ ಶೂ (ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಹಾಳೆಯಿರುವ ಶೂ) ಕೊಳ್ಳಲು, ಹಿಂದಿನ ದಿನ ಹೊಟ್ಟೆ ತುಂಬ ಪಾಸ್ತಾ ತಿನ್ನಲು, ದಾರಿಯುದ್ದಕ್ಕೂ ನೀರು ಕುಡಿಯಲು ಹೇಳುತ್ತಾರೆ. ನಾನು ಏನು ಬದಲಿಸಬೇಕು?

ಉತ್ತರ: ನೀವು ಕೊಟ್ಟಿರುವ ಅಂಕಿಗಳಲ್ಲಿಯೇ ಉತ್ತರದ ಬಹುಪಾಲು ಇದೆ, ಅಂಕಿಗಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆದು ಕಳಿಸುವವರು ಕಡಿಮೆ. ನಿಮ್ಮ ಶೂ, ಊಟ, ನೀರು ಯಾವುದೂ ಕಳೆದ ವರ್ಷ ನಿಮ್ಮನ್ನು ಸೋಲಿಸಲಿಲ್ಲ. ಓಟದ ದಿನ ಮೊದಲ ಹನ್ನೊಂದು ನಿಮಿಷ ಅತಿವೇಗವಾಗಿ ಓಡಿದ್ದು ಒಂದು ಕಾರಣ. ವರ್ಷದ ಉಳಿದ ದಿನಗಳಲ್ಲಿಯೂ ಅದೇ ಆತುರದಿಂದ ಅಭ್ಯಾಸ ಮಾಡಿದ್ದು ಅದಕ್ಕಿಂತ ದೊಡ್ಡ ಕಾರಣ. ಎರಡೂ ಒಂದೇ ರೋಗದ ಲಕ್ಷಣಗಳು.

ಮೊದಲು ನಿಮ್ಮ ಇಂದಿನ ಶಕ್ತಿಯನ್ನು ಅಳೆಯೋಣ. ಒಂದು ದೂರದಲ್ಲಿ ನಿಮಗೆ ಹಿಡಿಯುವ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜು ಮಾಡಲು ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ರೂಪಿಸಿದ ಸರಳ ಸೂತ್ರವೊಂದಿದೆ: ದೂರ ಎಷ್ಟು ಪಟ್ಟು ಹೆಚ್ಚಿತೋ ಆ ಸಂಖ್ಯೆಯ 1.06ನೆಯ ಘಾತದಿಂದ ಸಮಯವನ್ನು ಗುಣಿಸಬೇಕು. 36 ನಿಮಿಷದ 6 ಕಿ.ಮೀ.ಗೆ ಇದನ್ನು ಅನ್ವಯಿಸಿದರೆ 10 ಕಿ.ಮೀ.ಗೆ ಸುಮಾರು 62 ನಿಮಿಷ ಬರುತ್ತದೆ. ಅಂದರೆ ಕಳೆದ ವರ್ಷವೂ ನಿಮ್ಮ ದೇಹದಲ್ಲಿ 62 ನಿಮಿಷದ ಓಟ ಇತ್ತು. ನೀವು ಅದನ್ನು 71 ನಿಮಿಷಕ್ಕೆ ಖರ್ಚು ಮಾಡಿದಿರಿ. ಈ ಒಂಬತ್ತು ನಿಮಿಷ ಯಾವ ಹೊಸ ತರಬೇತಿಯೂ ಇಲ್ಲದೆ, ಕೇವಲ ಸಮಚಿತ್ತದಿಂದ ಓಡುವುದರಿಂದಲೇ ಹಿಂದಿರುಗಿ ಸಿಗುವಂಥದ್ದು. ಅಭ್ಯಾಸದಿಂದ ಗಳಿಸಬೇಕಾದದ್ದು ಉಳಿದ ಎರಡು ನಿಮಿಷ ಮಾತ್ರ, ಅದಕ್ಕೆ ಹತ್ತು ವಾರ ಸಾಕು.

ಈಗ ಅಭ್ಯಾಸದ ವಿಚಾರ. ನಾಲ್ಕು ದಿನವೂ ಒಂದೇ ದೂರ, ಒಂದೇ ದಾರಿ, ಕೈಲಾದಷ್ಟು ವೇಗ ಎನ್ನುವುದು ಹವ್ಯಾಸಿ ಓಟಗಾರರಲ್ಲಿ ನಾನು ಅತ್ಯಂತ ಹೆಚ್ಚಾಗಿ ಕಾಣುವ ಕ್ರಮ. ಇದು ಮೊದಲ ವರ್ಷ ಚೆನ್ನಾಗಿಯೇ ಫಲ ಕೊಡುತ್ತದೆ, ಅದರಿಂದಲೇ ಜನ ಇದನ್ನು ಬಿಡುವುದಿಲ್ಲ. ಆಮೇಲೆ ಇದು ಎತ್ತಲೂ ಸೇರದ ಓಟವಾಗುತ್ತದೆ: ಸಹನಶಕ್ತಿಯನ್ನು ಬೆಳೆಸುವಷ್ಟು ದೂರ ಹೋಗಲು ಬಿಡದಷ್ಟು ಕಠಿಣ, ನಿಜವಾದ ವೇಗವನ್ನು ಕಲಿಸುವಷ್ಟು ತೀವ್ರವೂ ಅಲ್ಲ. ಪ್ರತಿ ಓಟಕ್ಕೂ ನೀವು ಹಿಂದಿನ ಓಟದ ದಣಿವನ್ನು ಹೊತ್ತುಕೊಂಡೇ ಹೊರಡುತ್ತೀರಿ, ಹಾಗಾಗಿ ಗಡಿಯಾರ 36 ನಿಮಿಷದಲ್ಲಿ ಮೊಳೆ ಹೊಡೆದಂತೆ ನಿಂತಿದೆ.

ದೂರದ ಓಟಕ್ಕೆ ಬೇಕಾದ ದೇಹದ ಬದಲಾವಣೆಗಳು ಬಹುಮಟ್ಟಿಗೆ ನಿಧಾನದ ಓಟದಲ್ಲಿಯೇ ಆಗುತ್ತವೆ. ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ಹೆಚ್ಚುವುದು, ಸ್ನಾಯುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ದಟ್ಟವಾಗುವುದು, ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುವುದು, ಇವೆಲ್ಲಕ್ಕೂ ಮುಖ್ಯವಾಗಿ ಬೇಕಾದದ್ದು ಸಮಯ. ವಾರದಲ್ಲಿ ಎಷ್ಟು ನಿಮಿಷ ಕಾಲುಗಳು ದಣಿಯದೆ ಚಲಿಸಿದವು ಎಂಬುದು. ನಾರ್ವೆಯಲ್ಲಿ ಕೆಲಸ ಮಾಡುವ ವ್ಯಾಯಾಮ ಶರೀರವಿಜ್ಞಾನಿ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಸಹನಶಕ್ತಿ ಕ್ರೀಡಾಪಟುಗಳ ಅಭ್ಯಾಸವನ್ನು ಪರಿಶೀಲಿಸಿ, ಅವರ ಸುಮಾರು 80 ಪ್ರತಿಶತ ಅಭ್ಯಾಸಗಳು ಸುಲಭ ತೀವ್ರತೆಯವು ಎಂದು ತೋರಿಸಿದ್ದಾರೆ. ನೀವು ಓಡುವ ಅದೇ ಬೆಂಗಳೂರಿನ ಓಟವನ್ನು 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಗೆದ್ದರು, ಅಂದರೆ ಕಿ.ಮೀ.ಗೆ ಸರಾಸರಿ 2 ನಿಮಿಷ 46 ಸೆಕೆಂಡು. ಆ ಮಟ್ಟದವರ ಸುಲಭ ಓಟವನ್ನು ನೋಡಿದವರಿಗೆ ಅವರು ಎಷ್ಟು ನಿಧಾನವಾಗಿ ಓಡಬಲ್ಲರು ಎಂಬುದೇ ಆಶ್ಚರ್ಯದ ಸಂಗತಿಯಾಗಿರುತ್ತದೆ. ಆದರೆ ವಾರಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಓಡುವ ನಾವು ಅವರ ಪ್ರಮಾಣವನ್ನು ಅಕ್ಷರಶಃ ಅನುಸರಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಮಗೆ ನಿಧಾನದ ಓಟ ಬೇಕಾಗಿರುವುದಕ್ಕೆ ಇನ್ನೂ ಸರಳವಾದ ಕಾರಣವಿದೆ: ಬೆಳಿಗ್ಗೆ ಓಡಿ, ಹತ್ತಕ್ಕೆ ಕಚೇರಿಗೆ ಹೋಗಿ, ಸಂಜೆ ಮನೆಯ ಕೆಲಸವನ್ನೂ ನೋಡುವ ದೇಹಕ್ಕೆ ವಾರದಲ್ಲಿ ನಾಲ್ಕು ಕಠಿಣ ಓಟಗಳಿಂದ ಚೇತರಿಸಿಕೊಳ್ಳುವಷ್ಟು ಬಿಡುವು ಇರುವುದಿಲ್ಲ.

ನಿಮ್ಮ ಸುಲಭ ವೇಗ ಕಿ.ಮೀ.ಗೆ 7 ನಿಮಿಷದಿಂದ 7 ನಿಮಿಷ 40 ಸೆಕೆಂಡಿನ ನಡುವೆ ಇರಬೇಕು. ಇದನ್ನು ಕೇಳಿ ನಿಮಗೆ ಅವಮಾನವಾದಂತೆ ಅನ್ನಿಸಬಹುದು, ಏಕೆಂದರೆ ಕೆರೆಯ ದಾರಿಯಲ್ಲಿ ಈವರೆಗೆ ನೀವು ಹಿಂದೆ ಹಾಕುತ್ತಿದ್ದವರು ಈಗ ನಿಮ್ಮನ್ನು ಹಿಂದೆ ಹಾಕುತ್ತಾರೆ. ಹಾಕಲಿ. ಗಡಿಯಾರಕ್ಕಿಂತ ಒಳ್ಳೆಯ ಅಳತೆ ಬೇಕಾದರೆ ಓಡುತ್ತಲೇ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿ ನೋಡಿ. ಒಂದೊಂದು ಸಾಲಿನ ಮಧ್ಯದಲ್ಲಿ ಉಸಿರಿಗಾಗಿ ನಿಲ್ಲಬೇಕಾದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ಮಗ್ಗಿ ತಪ್ಪಿದರೆ ಅದು ಬೇರೆ ವಿಚಾರ.

ಮಂಗಳವಾರ 6 ಕಿ.ಮೀ. ಮತ್ತು ಶುಕ್ರವಾರ 5 ಕಿ.ಮೀ.ಯನ್ನು ಈ ಸುಲಭ ವೇಗದಲ್ಲಿ ಓಡಿ. ಭಾನುವಾರದ ಉದ್ದ ಓಟವೂ ಅದೇ ವೇಗದ್ದೇ, ಆದರೆ ದೂರ ಬೆಳೆಯುತ್ತದೆ: ಮೊದಲ ಮೂರು ವಾರ 7, 8, 9 ಕಿ.ಮೀ., ನಾಲ್ಕನೆಯ ವಾರ ಮತ್ತೆ 7ಕ್ಕೆ ಇಳಿದು ದೇಹಕ್ಕೆ ಬಿಡುವು, ಅನಂತರ 10, 11, 12. ಓಟಕ್ಕೆ ಮುಂಚೆ 10 ಕಿ.ಮೀ. ದಾಟಿರಬೇಕೇ ಎಂದು ಅನೇಕರು ಕೇಳುತ್ತಾರೆ. ಮುಗಿಸುವುದಷ್ಟೇ ಗುರಿಯಾದವರಿಗೆ ಅದು ಅಗತ್ಯವಿಲ್ಲ. ಆದರೆ ಒಮ್ಮೆ ಏಳನೆಯ ಕಿ.ಮೀ.ಯಲ್ಲಿ ಸೋತವರಿಗೆ 12 ಕಿ.ಮೀ. ನಿಧಾನವಾಗಿ ಓಡಿ ಬಂದ ನೆನಪು ಕಾಲಿಗಿಂತ ಮನಸ್ಸಿಗೆ ಹೆಚ್ಚು ಉಪಕಾರ ಮಾಡುತ್ತದೆ.

ಉಳಿದದ್ದು ಬುಧವಾರ ಅಥವಾ ಗುರುವಾರದ ಒಂದು ಕಠಿಣ ಅಭ್ಯಾಸ, ವಾರಕ್ಕೆ ಒಂದೇ. ಮೊದಲ ಮೂರು ವಾರ ಇದೂ ಸುಲಭ ಓಟವೇ. ಕೊನೆಯಲ್ಲಿ ಮಾತ್ರ 20 ಸೆಕೆಂಡಿನ ಆರು ಚುರುಕು ಓಟಗಳನ್ನು, ನಡುವೆ ಒಂದು ನಿಮಿಷ ನಡೆದು, ಸೇರಿಸಿ. ನಾಲ್ಕನೆಯ ವಾರದಿಂದ 1 ಕಿ.ಮೀ.ಯ ನಾಲ್ಕು ಓಟಗಳನ್ನು ತಲಾ 5 ನಿಮಿಷ 50 ಸೆಕೆಂಡಿನಲ್ಲಿ, ನಡುವೆ ಎರಡು ನಿಮಿಷ ನಡೆದು ಮಾಡಿ. ಆರನೆಯ ವಾರಕ್ಕೆ ಅದು ಐದಾಗಲಿ. ಏಳನೆಯ ವಾರ ಇದರ ಬದಲು 3 ಕಿ.ಮೀ.ಯ ಎರಡು ಓಟಗಳನ್ನು ಕಿ.ಮೀ.ಗೆ 6 ನಿಮಿಷದ ವೇಗದಲ್ಲಿ, ನಡುವೆ ಮೂರು ನಿಮಿಷ ಬಿಟ್ಟು ಓಡಿ. 1 ಕಿ.ಮೀ.ಯ ಓಟಗಳಲ್ಲಿ ನಾಲ್ಕನೆಯದನ್ನು ಮೊದಲನೆಯದಕ್ಕಿಂತ ಐದು ಸೆಕೆಂಡು ಬೇಗ ಮುಗಿಸುವುದು ಒಳ್ಳೆಯ ಅಭ್ಯಾಸದ ಗುರುತು. ಮೊದಲನೆಯದನ್ನು 5 ನಿಮಿಷ 20ರಲ್ಲಿ ಓಡಿ ನಾಲ್ಕನೆಯದಕ್ಕೆ ಏದುಸಿರು ಬಿಡುವುದು ಕಳೆದ ವರ್ಷದ ಓಟದ ಪುನರಾವರ್ತನೆ ಅಷ್ಟೇ.

ಎಂಟನೆಯ ವಾರದ ಭಾನುವಾರ ಉದ್ದ ಓಟ ಬೇಡ, ಪರೀಕ್ಷೆ ಇರಲಿ. 400 ಮೀಟರಿನ ಟ್ರ್ಯಾಕ್ ಸಿಕ್ಕರೆ ಹನ್ನೆರಡೂವರೆ ಸುತ್ತು, ಅಂದರೆ 5 ಕಿ.ಮೀ.ಯನ್ನು ಪೂರ್ಣ ಪ್ರಯತ್ನದಿಂದ ಓಡಿ. ಅದೇ ರೀಗಲ್ ಸೂತ್ರದ ಪ್ರಕಾರ 28 ನಿಮಿಷ 45 ಸೆಕೆಂಡಿನೊಳಗೆ ಮುಗಿದರೆ ಒಂದು ಗಂಟೆಯೊಳಗಿನ 10 ಕಿ.ಮೀ. ನಿಮ್ಮ ಕೈಯಲ್ಲಿದೆ. 29 ನಿಮಿಷ 30 ಸೆಕೆಂಡಾದರೆ ಸೂತ್ರ 61 ನಿಮಿಷ 30 ಸೆಕೆಂಡು ಎನ್ನುತ್ತದೆ. ಆಗ ದಯವಿಟ್ಟು ಗುರಿಯನ್ನೂ 61 ನಿಮಿಷ 30ಕ್ಕೆ ಬದಲಿಸಿಕೊಳ್ಳಿ. ಅರವತ್ತು ಎಂಬುದು ದುಂಡು ಸಂಖ್ಯೆ ಎಂಬ ಕಾರಣಕ್ಕೆ ನಮಗೆ ಪ್ರಿಯ, ದೇಹಕ್ಕೆ ಅದರ ಪರಿಚಯವಿಲ್ಲ. ಒಂಬತ್ತನೆಯ ವಾರ ಭಾನುವಾರ 8 ಕಿ.ಮೀ. ಸಾಕು, ಕೊನೆಯ ವಾರ ಎರಡು ಸಲ ನಾಲ್ಕು ಕಿ.ಮೀ. ಸುಲಭವಾಗಿ ಓಡಿ, ಓಟದ ಹಿಂದಿನ ದಿನ ವಿಶ್ರಾಂತಿ ಪಡೆಯಿರಿ. ಈ ವಾರದಲ್ಲಿ ಮಾಡುವ ಯಾವ ಕಠಿಣ ಅಭ್ಯಾಸದ ಫಲವೂ ಓಟದ ದಿನಕ್ಕೆ ಸಿಗುವುದಿಲ್ಲ, ದಣಿವು ಮಾತ್ರ ಸಿಗುತ್ತದೆ.

ಕಾಲಿನ ನೋವನ್ನು ನಾನು ಲಘುವಾಗಿ ತೆಗೆದುಕೊಳ್ಳುತ್ತಿಲ್ಲ. ಶ್ವಾಸಕೋಶ, ಹೃದಯಗಳು ಕೆಲವೇ ವಾರಗಳಲ್ಲಿ ಅಭ್ಯಾಸಕ್ಕೆ ಹೊಂದಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಈ ಅಂತರದಲ್ಲಿಯೇ ಹವ್ಯಾಸಿಗಳ ಹೆಚ್ಚಿನ ಗಾಯಗಳು ಹುಟ್ಟುತ್ತವೆ. ಮೂಳೆಯ ಒಳಅಂಚಿನಲ್ಲಿ ನಾಲ್ಕೈದು ಬೆರಳಿನ ಉದ್ದಕ್ಕೆ ಹರಡಿಕೊಂಡ, ಓಟದ ಆರಂಭದಲ್ಲಿ ಕಾಣಿಸಿಕೊಂಡು ಮೈ ಬಿಸಿಯಾದ ಮೇಲೆ ತಗ್ಗುವ ನೋವು ಸಾಮಾನ್ಯವಾಗಿ ಮೂಳೆಯ ಹೊರಪದರದ ಮೇಲಿನ ಒತ್ತಡದ ನೋವು. ವೇಗ ತಗ್ಗಿಸುವುದು, ವಾರಕ್ಕೆ ಮೂರು ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವನ್ನು 15ರಂತೆ ಮೂರು ಸಲ ಮಾಡುವುದು, ಇವುಗಳಿಂದ ಅದು ಬಹುತೇಕ ಹತೋಟಿಗೆ ಬರುತ್ತದೆ. ಆದರೆ ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ, ಓಡುತ್ತ ಹೋದಂತೆ ಅದು ಹೆಚ್ಚಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಅಥವಾ ಆ ಕಾಲಿನ ಮೇಲೆ ಕುಂಟುಹೆಜ್ಜೆ ಹಾಕಿ ನೆಗೆಯಲಾಗದಿದ್ದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕಿನ ಸಂಶಯವಿರುತ್ತದೆ. ಆಗ ಓಟವನ್ನು ಅಂದೇ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು. ಮೊದಲ ಒಂದೆರಡು ವಾರ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣದೇ ಇರಬಹುದು, ಆದ್ದರಿಂದ ಎಕ್ಸ್‌ರೇ ಸರಿಯಿದೆ ಎಂಬ ಒಂದೇ ಆಧಾರದ ಮೇಲೆ ಓಡಬೇಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವುದು ಒಳ್ಳೆಯ ವ್ಯಾಯಾಮವೇ, ಆದರೆ ನೋವಿರುವಷ್ಟು ಕಾಲ ಓಡಿಕೊಂಡು ಇಳಿಯಬೇಡಿ. ನಲವತ್ತು ದಾಟಿದ ಮೇಲೆ, ಅದರಲ್ಲೂ ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಕಠಿಣ ಅಭ್ಯಾಸಕ್ಕೆ ಇಳಿಯುವ ಮುಂಚೆ ವೈದ್ಯರ ಒಪ್ಪಿಗೆ ಪಡೆಯುವುದು ಅವಶ್ಯ. ಎದೆ ಬಿಗಿತ, ತಲೆಸುತ್ತು ಕಾಣಿಸಿದರೆ ಅಭ್ಯಾಸವಾಗಲಿ ಓಟವಾಗಲಿ ಅಲ್ಲಿಗೇ ನಿಲ್ಲಿಸಬೇಕು. ಜ್ವರವಿರುವ ವಾರ ಓಡಲೇಬಾರದು.

ಗೆಳೆಯರ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ಕಾರ್ಬನ್ ಪ್ಲೇಟ್ ಶೂಗಳು ಸುಮಾರು 4 ಪ್ರತಿಶತ ಶಕ್ತಿ ಉಳಿಸುತ್ತವೆ ಎಂಬ ಪ್ರಸಿದ್ಧ ಮಾತು ಕೊಲೊರಾಡೊ ವಿಶ್ವವಿದ್ಯಾಲಯದ ಅಧ್ಯಯನದಿಂದ ಬಂದದ್ದು. ಅಲ್ಲಿ ಓಟಗಾರರನ್ನು ಪರೀಕ್ಷಿಸಿದ್ದು ಗಂಟೆಗೆ 14, 16 ಮತ್ತು 18 ಕಿ.ಮೀ. ವೇಗದಲ್ಲಿ. ನಮ್ಮ ವೇಗ ಗಂಟೆಗೆ 10. ಅಷ್ಟೇ ಲಾಭ ನಮಗೂ ಸಿಗುತ್ತದೆ ಎಂದು ನಂಬಲು ಕಾರಣವಿಲ್ಲ. ಅವುಗಳ ಎತ್ತರದ ಮೆತ್ತನೆಯ ಅಟ್ಟೆಗೆ ಒಗ್ಗದ ಕಾಲಿಗೆ, ಅದೂ ನೋವಿರುವ ಕಾಲಿಗೆ, ಈ ಹಂತದಲ್ಲಿ ಅವನ್ನು ತೊಡಿಸುವುದು ವಿವೇಕವಲ್ಲ. ಈಗಿನ ಶೂ ಸವೆದಿದ್ದರೆ ಅದೇ ಬಗೆಯ ಹೊಸದನ್ನು ಈಗಲೇ ಕೊಂಡು ಅಭ್ಯಾಸದಲ್ಲಿಯೇ ಪಳಗಿಸಿ.

ಊಟದ ಲೆಕ್ಕ ಇನ್ನೂ ಸುಲಭ. ಓಡುವಾಗ ಒಂದು ಕಿಲೋಮೀಟರಿಗೆ, ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1 ಕಿಲೋಕ್ಯಾಲರಿ ವೆಚ್ಚವಾಗುತ್ತದೆ, 68 ಕೆ.ಜಿ.ಯ ನಿಮಗೆ 10 ಕಿ.ಮೀ.ಗೆ 680. ಸಾಮಾನ್ಯ ಊಟ ಮಾಡುವ ವ್ಯಕ್ತಿಯ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಯಾವಾಗಲೂ ಸಂಗ್ರಹವಾಗಿರುತ್ತದೆ. ಆದ್ದರಿಂದ ಮ್ಯಾರಥಾನ್ ಓಟಗಾರರ ಪಾಸ್ತಾ ನಿಮಗೆ ಬೇಕಾಗಿಲ್ಲ. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು ಸಾಕು. ಕಾಳಿನ ಹುಳಿ, ಹಸಿ ತರಕಾರಿ, ಎಣ್ಣೆ ತಿಂಡಿ ಆ ಒಂದು ರಾತ್ರಿ ಬೇಡ. ಮುದ್ದೆ ನಿಮ್ಮ ನಿತ್ಯದ ಊಟವಾದರೆ ರಾತ್ರಿ ಉಣ್ಣಲು ಅಡ್ಡಿಯಿಲ್ಲ, ಬೆಳಿಗ್ಗೆ ಮಾತ್ರ ಬೇಡ. ಓಟಕ್ಕೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದೆರಡು ಬಾಳೆಹಣ್ಣು ತಿನ್ನಿ, ಕಾಫಿ ಅಭ್ಯಾಸವಿದ್ದರೆ ಕುಡಿಯಿರಿ.

ನೀರಿನ ವಿಚಾರದಲ್ಲಿ ಮಾತ್ರ ಗೆಳೆಯರ ಸಲಹೆ ಅಪಾಯದ ಕಡೆಗೂ ಹೋಗಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ 13 ಪ್ರತಿಶತದಷ್ಟು ಜನರಲ್ಲಿ ಸೋಡಿಯಂ ಪ್ರಮಾಣ ಕುಸಿದಿತ್ತು, ಮತ್ತು ಅದಕ್ಕೆ ಓಟದ ವೇಳೆ ಅತಿಯಾಗಿ ದ್ರವ ಕುಡಿದು ತೂಕ ಹೆಚ್ಚಿಸಿಕೊಂಡದ್ದರೊಡನೆ ಬಲವಾದ ನಂಟಿತ್ತು. ಒಂದು ಗಂಟೆಯ ಓಟದಲ್ಲಿ ಅಷ್ಟು ದೂರ ಹೋಗುವ ಸಂಭವ ಕಡಿಮೆ. ಆದರೂ ಬಾಯಾರಿದಾಗ ಎರಡು ಗುಟುಕು ಎಂಬ ನಿಯಮವೇ ಸಾಕು. ಉಳಿದ ನೀರನ್ನು ತಲೆಯ ಮೇಲೆ ಸುರಿದುಕೊಳ್ಳಿ. ಬೇಸಗೆಯ ಬೆಳಗಿನಲ್ಲಿ ಮೈಯ ಶಾಖವೇ ನಿಮ್ಮ ನಿಜವಾದ ಎದುರಾಳಿ, ಮತ್ತು ಶಾಖಕ್ಕೆ ದೇಹ ಹೊಂದಿಕೊಳ್ಳಲು ಎರಡು ವಾರ ಬೇಕಾಗುತ್ತದೆ. ಕೊನೆಯ ವಾರಗಳಲ್ಲಿ ಕೆಲವು ಸುಲಭ ಓಟಗಳನ್ನು ಸ್ವಲ್ಪ ತಡವಾಗಿ, ಬಿಸಿಲೇರುವ ಹೊತ್ತಿಗೆ ಓಡಿ. ಎತ್ತರದ ಚಿಂತೆ ಬೇಡ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿವೆ, ಈ ವ್ಯತ್ಯಾಸ ನಿಮ್ಮ ಉಸಿರಿಗೆ ತಿಳಿಯುವುದೂ ಇಲ್ಲ.

ಇನ್ನು ಓಟದ ದಿನ. ಆರಂಭದ ಗೆರೆಯಲ್ಲಿ ಸಂಗೀತ, ಸಾವಿರಾರು ಜನರ ಕೂಗು, ವಾರದ ವಿಶ್ರಾಂತಿಯಿಂದ ಹಗುರಾದ ಕಾಲು, ಇವೆಲ್ಲ ಸೇರಿ 5 ನಿಮಿಷ 20ರ ವೇಗವನ್ನು 6 ನಿಮಿಷದಂತೆ ಭಾಸವಾಗಿಸುತ್ತವೆ. ಮೊದಲ ಒಂದೆರಡು ನಿಮಿಷ ದೇಹದ ಆಮ್ಲಜನಕ ಪೂರೈಕೆ ಬೇಡಿಕೆಯ ಮಟ್ಟಕ್ಕೆ ಏರಿರುವುದಿಲ್ಲ. ಕೊರತೆಯನ್ನು ಸ್ನಾಯುಗಳು ತಮ್ಮೊಳಗಿನ ಸಂಗ್ರಹದಿಂದ ತುಂಬುತ್ತವೆ, ಹಾಗಾಗಿ ನೋವು ತಡವಾಗಿ ಗೊತ್ತಾಗುತ್ತದೆ. ನಿಮ್ಮ ಮಿತಿಗಿಂತ ಕಿ.ಮೀ.ಗೆ ಐವತ್ತು ಸೆಕೆಂಡು ವೇಗವಾಗಿ ಹನ್ನೊಂದು ನಿಮಿಷ ಓಡಿದರೆ ಸ್ನಾಯುಗಳೊಳಗಿನ ರಾಸಾಯನಿಕ ಸಮತೋಲ ಕೆಡುತ್ತದೆ, ಮೈಯ ಉಷ್ಣತೆ ಏರುತ್ತದೆ. ಅನಂತರ ವೇಗ ತಗ್ಗಿಸಿದರೂ ಓಡುತ್ತಿರುವಾಗಲೇ ಅದರಿಂದ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಇದನ್ನೆಲ್ಲ ತಿಳಿದೂ ನಾನೊಮ್ಮೆ, ಪಕ್ಕದಲ್ಲಿ ಓಡುತ್ತಿದ್ದ ಕಾಲೇಜು ಹುಡುಗನೊಬ್ಬನಿಗೆ ಸೋಲಬಾರದೆಂಬ ಹಟಕ್ಕೆ ಬಿದ್ದು, ಎಂಟನೆಯ ಕಿ.ಮೀ.ಯಲ್ಲಿ ರಸ್ತೆ ವಿಭಜಕದ ಮೇಲೆ ಕುಳಿತಿದ್ದೇನೆ.

ನಿಮ್ಮ ಲೆಕ್ಕ ಹೀಗಿರಲಿ: ಮೊದಲ ಎರಡು ಕಿ.ಮೀ. ತಲಾ 6 ನಿಮಿಷ 10 ಸೆಕೆಂಡು, ಮೂರರಿಂದ ಎಂಟರವರೆಗೆ ತಲಾ 5 ನಿಮಿಷ 57 ಸೆಕೆಂಡು, ಕೊನೆಯ ಎರಡು ತಲಾ 5 ನಿಮಿಷ 50 ಸೆಕೆಂಡು. ಒಟ್ಟು 59 ನಿಮಿಷ 42 ಸೆಕೆಂಡು ಆಗುತ್ತದೆ. ಎರಡನೆಯ ಕಿ.ಮೀ. ಫಲಕದ ಬಳಿ ಗಡಿಯಾರ 12 ನಿಮಿಷ 20 ಸೆಕೆಂಡು ತೋರಿಸುವಾಗ ನಿಮಗೆ ತಡವಾಯಿತೆಂಬ ಗಾಬರಿಯಾಗುತ್ತದೆ. ಆಗ ವೇಗ ಏರಿಸದೆ ಇರುವುದು ಈ ಹತ್ತು ವಾರಗಳ ಅತ್ಯಂತ ಕಠಿಣ ಅಭ್ಯಾಸ. ಏರು ರಸ್ತೆ ಬಂದಾಗ ವೇಗವನ್ನು ಹಿಡಿದಿಡಲು ಹೋಗದೆ ಉಸಿರಾಟವನ್ನು ಹಿಡಿದಿಡಿ. ಕಳೆದುಕೊಂಡ ಸೆಕೆಂಡುಗಳಲ್ಲಿ ಬಹುಪಾಲು ಇಳಿಜಾರಿನಲ್ಲಿ ಬರುತ್ತವೆ.

ಒಂದು ಸೂಕ್ಷ್ಮವನ್ನು ಯಾರೂ ಹೇಳುವುದಿಲ್ಲ. ಪ್ರಮಾಣೀಕೃತ ಓಟದ ದಾರಿಯನ್ನು ಸೈಕಲ್ಲಿನ ಚಕ್ರಕ್ಕೆ ಎಣಿಕೆಯ ಉಪಕರಣ ಜೋಡಿಸಿ, ತಿರುವುಗಳ ಒಳಅಂಚನ್ನು ಹಿಡಿದು ಅಳೆಯುತ್ತಾರೆ. ದಾರಿ ಗಿಡ್ಡವಾಗದಿರಲೆಂದು ಸಾವಿರಕ್ಕೆ ಒಂದರಂತೆ, ಅಂದರೆ 10 ಕಿ.ಮೀ.ಗೆ 10 ಮೀಟರ್ ಹೆಚ್ಚಾಗಿಯೇ ಇಡುತ್ತಾರೆ. ಗುಂಪಿನಲ್ಲಿ ಅತ್ತಿತ್ತ ಸರಿಯುತ್ತ, ತಿರುವುಗಳನ್ನು ಅಗಲವಾಗಿ ಸುತ್ತುತ್ತ ಓಡುವ ನಾವು ಅದಕ್ಕಿಂತ ಹೆಚ್ಚು ದೂರ ಕ್ರಮಿಸುತ್ತೇವೆ. ಜೊತೆಗೆ ಎತ್ತರದ ಕಟ್ಟಡ, ಮರಗಳ ನಡುವೆ ಜಿಪಿಎಸ್ ಗಡಿಯಾರವೂ ತಪ್ಪುತ್ತದೆ. ಮುಕ್ತಾಯದ ಗೆರೆಯಲ್ಲಿ ಅದು 10.1 ಅಥವಾ 10.15 ಕಿ.ಮೀ. ತೋರಿಸುವುದು ಮಾಮೂಲು. ಗಡಿಯಾರ ಸರಾಸರಿ 6 ನಿಮಿಷ ಎಂದದ್ದನ್ನೇ ನಂಬಿ ಓಡಿದವರು 60 ನಿಮಿಷ 50 ಸೆಕೆಂಡಿಗೆ ಗೆರೆ ದಾಟಿ, ಅಳತೆಯೇ ತಪ್ಪೆಂದು ಆಯೋಜಕರೊಡನೆ ಜಗಳವಾಡುವುದನ್ನು ಕಂಡಿದ್ದೇನೆ. ನೀವು ರಸ್ತೆಯ ಫಲಕಗಳನ್ನು ನೋಡಿ ಲೆಕ್ಕ ಹಾಕಿ. ಲೆಕ್ಕ ಶುರುವಾಗಬೇಕಾದದ್ದು ಓಟಕ್ಕೆ ಚಾಲನೆ ಕೊಟ್ಟ ಕ್ಷಣದಿಂದಲ್ಲ, ಬಿಬ್‌ಗೆ, ಅಂದರೆ ಎದೆಗೆ ಸಿಕ್ಕಿಸುವ ಸಂಖ್ಯೆಯ ಚೀಟಿಗೆ, ಅಂಟಿಸಿರುವ ಟೈಮಿಂಗ್ ಚಿಪ್ ಆರಂಭದ ಗೆರೆಯನ್ನು ದಾಟಿದ ಕ್ಷಣದಿಂದ. ಆದ್ದರಿಂದ ಹಿಂದೆ ನಿಂತೆನೆಂದು ತಳಮಳಿಸಿ ಜನರ ನಡುವೆ ನುಸುಳಬೇಕಾಗಿಲ್ಲ.

ಬಿಬ್ ಹಂಚಿಕೆ ಸಾಮಾನ್ಯವಾಗಿ ಓಟದ ಹಿಂದಿನ ದಿನಗಳಲ್ಲಿಯೇ ಮುಗಿಯುವುದರಿಂದ ಶನಿವಾರವೇ ಬೆಂಗಳೂರು ಸೇರಿ. ಆದರೆ ಬಿಬ್ ಕೊಡುವ ಜಾಗದ ಮಳಿಗೆಗಳಲ್ಲಿ ಮಧ್ಯಾಹ್ನವಿಡೀ ಅಲೆಯಬೇಡಿ. ಓಟ ಮುಗಿದ ಮೇಲೆ ತಟ್ಟನೆ ಕೂರದೆ ಹತ್ತು ನಿಮಿಷ ನಡೆಯಿರಿ, ಮೈಸೂರಿಗೆ ಮರಳುವಾಗ ದಾರಿಯಲ್ಲಿ ಒಮ್ಮೆಯಾದರೂ ಇಳಿದು ಕಾಲಾಡಿಸಿ. ಸೋಮವಾರ ಕಚೇರಿಯ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ, ಅದು ಮೂರು ದಿನಗಳಲ್ಲಿ ಹೋಗುತ್ತದೆ, ಗುರುವಾರದಿಂದ ಸುಲಭವಾಗಿ ಓಡಬಹುದು. ಎಡಗಾಲಿನ ಮೂಳೆಯ ನೋವು ಆ ಹೊತ್ತಿಗೂ ತಗ್ಗದಿದ್ದರೆ ಓಡುವುದು ಬೇಡ, ವೈದ್ಯರಿಗೆ ತೋರಿಸಿ.